ಎಂಜಿನ್ ಕೂರಿಸಿದ ಸೈಕಲ್ಲಿಗೆ ಬೆಲ್ಟಿನ ಲೆಕ್ಕಾಚಾರ

ಸೈಕಲ್ಲಿಗೆ ಎಂಜಿನ್ ಕೂರಿಸುವಾಗ ಮೊದಲು ಎದುರಾಗುವ ತೊಡಕು ವೇಗದ ಅಂತರ. 25 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್ ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ 7,000 ಸುತ್ತು ತಿರುಗುವಾಗ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಓಡುವ 26 ಇಂಚಿನ ಸೈಕಲ್ ಗಾಲಿ ಅದೇ ಒಂದು ನಿಮಿಷದಲ್ಲಿ ಸುತ್ತುವುದು ಸುಮಾರು 200 ಸಲ. ಈ ಎರಡರ ನಡುವೆ ನಿಂತು ವೇಗವನ್ನು ತಗ್ಗಿಸಿ, ತಗ್ಗಿಸಿದಷ್ಟೇ ಪಟ್ಟು ತಿರುಗುಬಲವನ್ನು ಹೆಚ್ಚಿಸಿ ಗಾಲಿಗೆ ಒಪ್ಪಿಸುವುದು ಪ್ರಸರಣ ವ್ಯವಸ್ಥೆಯ ಕೆಲಸ. ಈ ಕೆಲಸವನ್ನು ಚೈನು ಮಾಡಬಹುದು, ಗಿಯರು ಮಾಡಬಹುದು, ಬೆಲ್ಟೂ ಮಾಡಬಹುದು. ಸದ್ದು ಕಡಿಮೆ, ಎಣ್ಣೆ ಬೇಡ, ಎಂಜಿನ್ನಿನ ಅದುರು ಗಾಲಿಯ ತನಕ ಹೋಗದು, ಸಣ್ಣ ಲೇತ್ ಇರುವ ವರ್ಕ್‌ಶಾಪಿನಲ್ಲೇ ಬೇಕಾದಂತೆ ಬದಲಿಸಿಕೊಳ್ಳಬಹುದು ಎಂಬ ಕಾರಣಗಳಿಗೆ ಕೈಯಾರೆ ಕಟ್ಟುವವರು ಬೆಲ್ಟನ್ನು ಮೆಚ್ಚುತ್ತಾರೆ. ಆದರೆ ಬೆಲ್ಟು ಕೆಲಸ ಮಾಡುವುದು ಲೆಕ್ಕ ಸರಿಯಿದ್ದಾಗ ಮಾತ್ರ.

ಹಳೆಯ ದಾರಿ

ಎಂಜಿನ್ ಇರುವ ದ್ವಿಚಕ್ರದ ಚರಿತ್ರೆ ಶುರುವಾಗುವುದೇ ಬೆಲ್ಟಿನಿಂದ. ಪ್ಯಾರಿಸ್ಸಿನ ವೆರ್ನರ್ ಸಹೋದರರು 1897ರಲ್ಲಿ ಹೊರತಂದ ಮೋಟೊಸಿಕ್ಲೆಟ್‌ನಲ್ಲಿ ಎಂಜಿನ್ ಮುಂದಿನ ಗಾಲಿಯ ಮೇಲೆ ಕುಳಿತಿತ್ತು. ಚರ್ಮದ ಬೆಲ್ಟೊಂದು ಅದರ ಶಕ್ತಿಯನ್ನು ಮುಂಗಾಲಿಗೆ ಮುಟ್ಟಿಸುತ್ತಿತ್ತು. ಹಾರ್ಲೆ ಡೇವಿಡ್‌ಸನ್ನಿನ ಮೊದಲ ವರ್ಷಗಳ ಬೈಕುಗಳೂ ಚರ್ಮದ ಬೆಲ್ಟಿನಿಂದಲೇ ಓಡಿದವು. ಚರ್ಮ ಮಳೆಯಲ್ಲಿ ನೆನೆದರೆ ಜಾರುತ್ತದೆ, ಒಣಗಿದರೆ ಸೆಟೆಯುತ್ತದೆ, ದಿನ ಕಳೆದಂತೆ ಉದ್ದವಾಗುತ್ತದೆ. ಹಾಗಾಗಿ ಎಂಜಿನ್ನುಗಳ ಬಲ ಹೆಚ್ಚಿದಂತೆ ಚೈನು ಮುಂದೆ ಬಂತು.

1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ರಬ್ಬರು ಮತ್ತು ನೂಲಿನ ವಿ-ಬೆಲ್ಟನ್ನು ರೂಪಿಸಿದ ಮೇಲೆ ಸ್ಥಿತಿ ಬದಲಾಯಿತು. ಲಾಸ್ ಏಂಜಲೀಸಿನಲ್ಲಿ ವಿಮಾನದ ಬಿಡಿಭಾಗ ಮಾಡುತ್ತಿದ್ದ ಬ್ರೀನ್-ಟೇಲರ್ ಕಂಪನಿ 1939ರಲ್ಲಿ ಮಾರುಕಟ್ಟೆಗೆ ಬಿಟ್ಟ ವಿಝರ್ ಎಂಬ ಸೈಕಲ್ ಎಂಜಿನ್ ಕಿಟ್ ಮೊದಲು ಟೈರಿಗೆ ಉಜ್ಜುವ ರೋಲರಿನಿಂದ ಗಾಲಿಯನ್ನು ಓಡಿಸುತ್ತಿತ್ತು. ರೋಲರು ಟೈರನ್ನು ಸವೆಸುತ್ತದೆ, ಟೈರು ಒದ್ದೆಯಾದರೆ ಹಿಡಿತ ಬಿಡುತ್ತದೆ. 1942ರಲ್ಲಿ ವಿಝರ್ ಬೆಲ್ಟಿಗೆ ಬದಲಾಯಿತು: ಎಂಜಿನ್ನಿನಿಂದ ಕ್ಲಚ್ ಪುಲ್ಲಿಗೆ ಒಂದು ಬೆಲ್ಟು, ಅಲ್ಲಿಂದ ಹಿಂಗಾಲಿಯ ಕಡ್ಡಿಗಳಿಗೆ ಬಿಗಿದ ದೊಡ್ಡ ಪುಲ್ಲಿಗೆ ಇನ್ನೊಂದು. ಸೈಕಲ್ಲಿನ ಮೂಲ ರಚನೆಯನ್ನು ಕೆಡಿಸದೆ ಎರಡು ಹಂತದಲ್ಲಿ ವೇಗ ತಗ್ಗಿಸುವ ಈ ಏರ್ಪಾಟು ಇಂದಿಗೂ ಮಾದರಿಯಾಗಿ ಉಳಿದಿದೆ.

ಮೂರು ಬಗೆಯ ಬೆಲ್ಟು

ಮೊದಲನೆಯದು ಚಪ್ಪಟೆ ಬೆಲ್ಟು. ಹಳೆಯ ಹಿಟ್ಟಿನ ಗಿರಣಿಗಳಲ್ಲಿ ಓಡುತ್ತಿದ್ದದ್ದು ಇದೇ. ಅಗಲವಾದ ಪುಲ್ಲಿ ಮತ್ತು ಭಾರಿ ಬಿಗಿತ ಬೇಡುವ ಕಾರಣ ಸೈಕಲ್ಲಿಗೆ ಒಗ್ಗದು.

ಎರಡನೆಯದು ವಿ-ಬೆಲ್ಟು. ಇದರ ಎರಡು ಇಳಿಜಾರು ಮಗ್ಗುಲುಗಳು ಪುಲ್ಲಿಯ ಕಾಲುವೆಯ ಗೋಡೆಗಳನ್ನು ಒತ್ತಿ ಹಿಡಿಯುತ್ತವೆ. ಸೈಕಲ್ ಕೆಲಸಕ್ಕೆ ಹೊಂದುವ ‘ಎ’ ವಿಭಾಗದ ಬೆಲ್ಟಿನ ಮೇಲ್ಭಾಗದ ಅಗಲ 13 ಮಿ.ಮೀ., ಎತ್ತರ 8 ಮಿ.ಮೀ. ಸಾಮಾನ್ಯ ‘ಎ’ ಬೆಲ್ಟನ್ನು ಸುಮಾರು 75 ಮಿ.ಮೀ.ಗಿಂತ ಕಿರಿದಾದ ಪುಲ್ಲಿಯ ಮೇಲೆ ಬಾಗಿಸಬಾರದು. ಒಳಮೈಯಲ್ಲಿ ಕಚ್ಚುಗಳಿರುವ ‘ಎಎಕ್ಸ್’ ಬೆಲ್ಟು ಸುಲಭವಾಗಿ ಬಾಗುವುದರಿಂದ ಅದಕ್ಕೆ 56 ಮಿ.ಮೀ. ಪುಲ್ಲಿಯೂ ಸಾಕು. ಜಾಗ ಕಡಿಮೆ ಇರುವ ಸೈಕಲ್ಲಿನಲ್ಲಿ ಈ ವ್ಯತ್ಯಾಸದ ಬೆಲೆ ದೊಡ್ಡದು.

ಮೂರನೆಯದು ಹಲ್ಲಿನ ಬೆಲ್ಟು. ಇದರ ಹಲ್ಲು ಪುಲ್ಲಿಯ ಹಲ್ಲಿನೊಳಗೆ ಕೂರುವುದರಿಂದ ಜಾರುವ ಮಾತಿಲ್ಲ. ‘5ಎಂ’ ಎಂದರೆ ಹಲ್ಲಿನಿಂದ ಹಲ್ಲಿಗೆ 5 ಮಿ.ಮೀ., ‘8ಎಂ’ ಎಂದರೆ 8 ಮಿ.ಮೀ. ಸರಿಯಾಗಿ ಕೂರಿಸಿದ ಹಲ್ಲಿನ ಬೆಲ್ಟು ಶೇ. 98ರಷ್ಟು ಶಕ್ತಿಯನ್ನು ದಾಟಿಸುತ್ತದೆ. ವಿ-ಬೆಲ್ಟು ಹೊಸದರಲ್ಲಿ ಶೇ. 95ರ ಆಸುಪಾಸಿನಲ್ಲಿದ್ದು, ಬಿಗಿತ ಸಡಿಲವಾದಂತೆ ಇಳಿಯುತ್ತದೆ. ಹಾರ್ಲೆ ಡೇವಿಡ್‌ಸನ್ 1980ರ ಸ್ಟರ್ಜಿಸ್ ಮಾದರಿಯಲ್ಲಿ ಮತ್ತೆ ಬೆಲ್ಟಿಗೆ ಮರಳಿದ್ದು ಹಲ್ಲಿನ ಬೆಲ್ಟನ್ನು ನಂಬಿ. ಬೆಂಗಳೂರಿನ ಏಥರ್ ಕಂಪನಿಯ 450 ವಿದ್ಯುತ್ ಸ್ಕೂಟರಿನ ಹಿಂಗಾಲಿಯನ್ನು ಓಡಿಸುವುದೂ ಹಲ್ಲಿನ ಬೆಲ್ಟೇ.

ಅನುಪಾತ ಮೊದಲು

ಬೆಲ್ಟು ಕೊಳ್ಳುವ ಮುನ್ನ ತೀರ್ಮಾನವಾಗಬೇಕಾದದ್ದು ಒಟ್ಟು ಅನುಪಾತ. ಉದಾಹರಣೆಗೆ ಹೋಂಡಾ ಜಿಎಕ್ಸ್ 25 ಎಂಜಿನ್ನನ್ನು ತೆಗೆದುಕೊಳ್ಳಬಹುದು. ಹೆಗಲಿಗೆ ತೂಗುಹಾಕಿಕೊಳ್ಳುವ ಹುಲ್ಲು ಕತ್ತರಿಸುವ ಯಂತ್ರಗಳ ಮೂಲಕ ಅಡಿಕೆ ತೋಟಗಳಿಗೆ ಪರಿಚಿತವಾದ ಎಂಜಿನ್ ಇದು. ಇದರ ಶಕ್ತಿ 7,000 ಸುತ್ತಿನಲ್ಲಿ 0.72 ಕಿಲೋವ್ಯಾಟ್, ಗರಿಷ್ಠ ತಿರುಗುಬಲ 5,000 ಸುತ್ತಿನಲ್ಲಿ 1 ನ್ಯೂಟನ್ ಮೀಟರ್. 26 ಇಂಚಿನ ದಪ್ಪ ಟೈರಿನ ಸುತ್ತಳತೆ ಸುಮಾರು 2.07 ಮೀಟರ್. ಗಂಟೆಗೆ 25 ಕಿ.ಮೀ. ಎಂದರೆ ನಿಮಿಷಕ್ಕೆ 417 ಮೀಟರ್, 2.07ರಿಂದ ಭಾಗಿಸಿದರೆ ಗಾಲಿಯ ಸುತ್ತು 201. 7,000ವನ್ನು 201ರಿಂದ ಭಾಗಿಸಿದರೆ ಬೇಕಾದ ಅನುಪಾತ ಸರಿಸುಮಾರು 35. ಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ ಎಂಜಿನ್ 35 ಸುತ್ತು ಸುತ್ತಬೇಕು ಎಂದು ಇದರ ಅರ್ಥ. ಹಾಲಿನ ಕ್ಯಾನು ಹೊರುವ 28 ಇಂಚಿನ ಕರಿ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.24 ಮೀಟರ್, ಅದೇ ಅನುಪಾತ ಇಟ್ಟರೆ ವೇಗ 27 ಕಿ.ಮೀ. ಮುಟ್ಟುತ್ತದೆ. ಆದ್ದರಿಂದ ಲೆಕ್ಕಕ್ಕೆ ಮುಂಚೆ ಗಾಲಿಯನ್ನು ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆಯುವುದು ಒಳ್ಳೆಯದು.

ಅನುಪಾತವನ್ನು 20ಕ್ಕೆ ಇಳಿಸಿದರೆ ಕಾಗದದ ಮೇಲೆ ಗರಿಷ್ಠ ವೇಗ 43 ಕಿ.ಮೀ. ಆಗುತ್ತದೆ. ರಸ್ತೆಯ ಮೇಲೆ ಆಗುವುದಿಲ್ಲ. ನೆಟ್ಟಗೆ ಕುಳಿತ ಸವಾರನ ಮೈಗೆ ಆ ವೇಗದಲ್ಲಿ ಬಡಿಯುವ ಗಾಳಿಯನ್ನು ಸೀಳಲು 700 ವ್ಯಾಟಿಗಿಂತ ಹೆಚ್ಚು ಶಕ್ತಿ ಗಾಲಿಯಲ್ಲಿ ಬೇಕು. ಈ ಎಂಜಿನ್ನಿನಿಂದ ಅಲ್ಲಿಗೆ ತಲಪುವುದು 660 ವ್ಯಾಟ್ ಮಾತ್ರ. ಏರಿನಲ್ಲಿ ವ್ಯತ್ಯಾಸ ಇನ್ನೂ ನಿಚ್ಚಳ. 35ರ ಅನುಪಾತದಲ್ಲಿ ಗಾಲಿ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 97 ನ್ಯೂಟನ್. ಸವಾರ ಸೇರಿ 100 ಕೆ.ಜಿ. ತೂಗುವ ಸೈಕಲ್ಲು ಪೆಡಲ್ ತುಳಿಯದೆಯೇ ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯನ್ನು ಹತ್ತಬಲ್ಲದು. 20ರ ಅನುಪಾತದಲ್ಲಿ ತಳ್ಳುವ ಬಲ 56 ನ್ಯೂಟನ್ನಿಗೆ ಇಳಿಯುತ್ತದೆ. ಎಂಜಿನ್ ತನ್ನ ಗರಿಷ್ಠ ತಿರುಗುಬಲ ಕೊಡುವಾಗ ವೇಗ 31 ಕಿ.ಮೀ. ಇರುವುದರಿಂದ ಬಹುಪಾಲು ಬಲವನ್ನು ಗಾಳಿಯೇ ತಿನ್ನುತ್ತದೆ. ಉಳಿದದ್ದು ನೂರಕ್ಕೆ 2 ಮೀಟರಿನ ಏರಿಗಷ್ಟೇ ಸಾಲುತ್ತದೆ.

ಕ್ಲಚ್ಚಿನ ಆಯುಷ್ಯವನ್ನು ನಿರ್ಧರಿಸುವುದೂ ಅನುಪಾತವೇ. ಈ ಬಗೆಯ ಎಂಜಿನ್ನುಗಳಲ್ಲಿ ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮಿ ಹಿಡಿಯುವ ಅಪಕೇಂದ್ರ ಕ್ಲಚ್ ಇರುತ್ತದೆ. ಅದು ಹಿಡಿಯುವುದು ಸುಮಾರು 4,000 ಸುತ್ತಿನಲ್ಲಿ ಎಂದಿಟ್ಟುಕೊಂಡರೆ, 35ರ ಅನುಪಾತದಲ್ಲಿ ಸೈಕಲ್ಲು 14 ಕಿ.ಮೀ. ವೇಗ ಮುಟ್ಟಿದಾಗ ಕ್ಲಚ್ ಪೂರ್ತಿ ಕೂಡಿಕೊಂಡಿರುತ್ತದೆ. ಪೆಡಲ್ ತುಳಿದು ಅಷ್ಟು ವೇಗ ಪಡೆಯುವುದು ಕಷ್ಟವಲ್ಲ. 20ರ ಅನುಪಾತದಲ್ಲಿ ಅದು ಕೂಡಿಕೊಳ್ಳಲು ಸುಮಾರು 25 ಕಿ.ಮೀ. ಬೇಕು. ಅಲ್ಲಿಯತನಕ ಅದು ಉಜ್ಜುತ್ತಲೇ ಇದ್ದು ಕಾದು ಸುಟ್ಟುಹೋಗುತ್ತದೆ. ಕ್ಲಚ್ ಮತ್ತೆ ಮತ್ತೆ ಕೆಡುವ ಸೈಕಲ್ಲಿನಲ್ಲಿ ದೋಷ ಬಹಳ ಸಲ ಕ್ಲಚ್ಚಿನದಲ್ಲ, ಅನುಪಾತದ್ದು.

ಎರಡು ಹಂತ

35ನ್ನು ಒಂದೇ ಜೋಡಿ ಪುಲ್ಲಿಯಲ್ಲಿ ಸಾಧಿಸಲಾಗದು. ಚಿಕ್ಕ ಪುಲ್ಲಿ 56 ಮಿ.ಮೀ. ಇದ್ದರೆ ದೊಡ್ಡದು ಸುಮಾರು 2 ಮೀಟರ್ ಇರಬೇಕಾಗುತ್ತದೆ. ಅದಕ್ಕಾಗಿ ನಡುವೆ ಒಂದು ಅಡ್ಡ ಷಾಫ್ಟನ್ನು ಕೂರಿಸಿ, ಮೊದಲ ಹಂತದಲ್ಲಿ 5 ಪಟ್ಟು, ಎರಡನೆಯದರಲ್ಲಿ 7 ಪಟ್ಟು ಎಂದು ಹಂಚಿಕೊಳ್ಳುವುದು ಸೂಕ್ತ.

ಮೊದಲ ಹಂತದಲ್ಲಿ ವೇಗ ಹೆಚ್ಚು, ಬಲ ಕಡಿಮೆ, ಜಾಗ ಇಕ್ಕಟ್ಟು. ಇಲ್ಲಿ 5ಎಂ ಹಲ್ಲಿನ ಬೆಲ್ಟು ಹೊಂದುತ್ತದೆ. ಕ್ಲಚ್ಚಿನ ಮೇಲೆ 20 ಹಲ್ಲಿನ ಪುಲ್ಲಿ, ಅಡ್ಡ ಷಾಫ್ಟಿನ ಮೇಲೆ 100 ಹಲ್ಲಿನದು. ಹಲ್ಲಿನ ಸಂಖ್ಯೆಯನ್ನು 5ರಿಂದ ಗುಣಿಸಿ 3.1416ರಿಂದ ಭಾಗಿಸಿದರೆ ಪುಲ್ಲಿಯ ಲೆಕ್ಕದ ವ್ಯಾಸ ಸಿಗುತ್ತದೆ: 31.8 ಮತ್ತು 159.2 ಮಿ.ಮೀ. ಎರಡು ಷಾಫ್ಟುಗಳ ಕೇಂದ್ರಗಳ ನಡುವೆ 189 ಮಿ.ಮೀ. ಬಿಟ್ಟರೆ 700 ಮಿ.ಮೀ. ಉದ್ದದ, 140 ಹಲ್ಲಿನ ಬೆಲ್ಟು ಸರಿಯಾಗಿ ಕೂರುತ್ತದೆ. ಬೆಲ್ಟುಗಳು ನಿಗದಿತ ಉದ್ದಗಳಲ್ಲಿ ಮಾತ್ರ ಸಿಗುವುದರಿಂದ ಮೊದಲು ಬೆಲ್ಟನ್ನು ಆರಿಸಿ, ಆಮೇಲೆ ಷಾಫ್ಟಿನ ಜಾಗ ಗುರುತಿಸಬೇಕು. ಈ ಅಳತೆಯಲ್ಲಿ ಬೆಲ್ಟು ಚಿಕ್ಕ ಪುಲ್ಲಿಯನ್ನು 141 ಡಿಗ್ರಿಯಷ್ಟು ಬಳಸಿರುತ್ತದೆ. ಯಾವ ಗಳಿಗೆಯಲ್ಲೂ 7 ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಕನಿಷ್ಠ 6 ಹಲ್ಲುಗಳಾದರೂ ಕಚ್ಚಿರಬೇಕೆಂಬುದು ಯಂತ್ರವಿನ್ಯಾಸದ ನಿಯಮ. ಅದಕ್ಕಿಂತ ಕಡಿಮೆಯಾದರೆ ಹಲ್ಲುಗಳು ಬುಡದಲ್ಲಿ ಕತ್ತರಿಸಿಹೋಗುತ್ತವೆ.

ಎರಡನೆಯ ಹಂತದಲ್ಲಿ ವೇಗ ಕಡಿಮೆ, ಬಲ ಹೆಚ್ಚು. ಜೊತೆಗೆ ಸೈಕಲ್ ಗಾಲಿ ಯಾವತ್ತೂ ತುಸು ಅತ್ತಿತ್ತ ಓಲಾಡುತ್ತಲೇ ಇರುತ್ತದೆ. ಆ ಓಲಾಟವನ್ನು ಹಲ್ಲಿನ ಬೆಲ್ಟು ಸಹಿಸದು, ವಿ-ಬೆಲ್ಟು ಸಹಿಸುತ್ತದೆ. ಗುಂಡಿಗೆ ಬಿದ್ದಾಗ ಒಮ್ಮೆಲೇ ಬರುವ ಹೊಡೆತಕ್ಕೆ ಕ್ಷಣಕಾಲ ಜಾರಿ ಕಡ್ಡಿಗಳನ್ನೂ ಷಾಫ್ಟನ್ನೂ ಉಳಿಸುವ ಗುಣವೂ ಅದಕ್ಕಿದೆ. 60 ಮಿ.ಮೀ. ಪುಲ್ಲಿಯಿಂದ 420 ಮಿ.ಮೀ. ಪುಲ್ಲಿಗೆ ‘ಎಎಕ್ಸ್’ ಬೆಲ್ಟು ಹಾಕಿದರೆ 7 ಪಟ್ಟು ಸಿಗುತ್ತದೆ. 420 ಮಿ.ಮೀ. ಎಂಬುದು ಮಕ್ಕಳ 20 ಇಂಚಿನ ಸೈಕಲ್ಲಿನ ರಿಮ್ಮಿನ ಹೊರ ವ್ಯಾಸಕ್ಕೆ ಬಹಳ ಹತ್ತಿರದ ಅಳತೆ; ಅಂಥ ರಿಮ್ಮನ್ನೇ ಪುಲ್ಲಿಯಾಗಿ ಬಳಸುವವರು ಬಹಳ.

ಹಿಡಿತದ ಗುಟ್ಟು

ಬೆಲ್ಟು ಎಷ್ಟು ಬಲವನ್ನು ಜಾರದೆ ಎಳೆಯಬಲ್ಲದು ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಘರ್ಷಣೆ, ಪುಲ್ಲಿಯನ್ನು ಬಳಸಿರುವ ಕೋನ, ಕಾಲುವೆಯ ಆಕಾರ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಕೊಟ್ಟ ಸೂತ್ರದ ಪ್ರಕಾರ, ಬಳಸಿರುವ ಕೋನ ಹೆಚ್ಚಿದಂತೆ ಬಿಗಿ ಮಗ್ಗುಲಿನ ಮತ್ತು ಸಡಿಲ ಮಗ್ಗುಲಿನ ಎಳೆತಗಳ ನಡುವಿನ ಪ್ರಮಾಣ ಘಾತೀಯವಾಗಿ ಏರುತ್ತದೆ.

ಮೇಲಿನ ಉದಾಹರಣೆಯಲ್ಲಿ 60 ಮಿ.ಮೀ. ಪುಲ್ಲಿ ದಾಟಿಸಬೇಕಾದ ಎಳೆತ ಸುಮಾರು 160 ನ್ಯೂಟನ್. ಕೇಂದ್ರಗಳ ಅಂತರ 500 ಮಿ.ಮೀ. ಇದ್ದರೆ ಬಳಸುವ ಕೋನ 138 ಡಿಗ್ರಿ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಚಪ್ಪಟೆ ಬೆಲ್ಟಿನ ಬಿಗಿ ಮಗ್ಗುಲಿನಲ್ಲಿ 311 ನ್ಯೂಟನ್ ಎಳೆತ ಇರಲೇಬೇಕು. 34 ಡಿಗ್ರಿಯ ವಿ-ಕಾಲುವೆಯಲ್ಲಿ ಬೆಲ್ಟು ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ಹಿಡಿತ ಮೂರು ಪಟ್ಟಿಗೂ ಮೀರಿ ಬೆಳೆಯುತ್ತದೆ. ಅದೇ ಕೆಲಸಕ್ಕೆ 175 ನ್ಯೂಟನ್ ಸಾಕಾಗುತ್ತದೆ. ಎಳೆತ ಕಡಿಮೆಯಾದಷ್ಟೂ ಬೇರಿಂಗಿನ ಮೇಲಿನ ಹೊರೆ ಇಳಿಯುತ್ತದೆ, ಷಾಫ್ಟು ಬಾಗುವುದಿಲ್ಲ, ಬೆಲ್ಟು ಬಾಳುತ್ತದೆ.

ಸೈಕಲ್ ರಿಮ್ಮಿನ ಕಾಲುವೆ ವಿ-ಆಕಾರದ್ದಲ್ಲ. ಅದರ ತಳದ ಮೇಲೆ ಬೆಲ್ಟು ಚಪ್ಪಟೆಯಾಗಿಯೇ ಕೂರುತ್ತದೆ. ಆದರೂ ಅದು ಕೆಲಸ ಮಾಡುವುದೇಕೆಂದರೆ ದೊಡ್ಡ ಪುಲ್ಲಿಯನ್ನು ಬೆಲ್ಟು 222 ಡಿಗ್ರಿಯಷ್ಟು ಬಳಸಿರುತ್ತದೆ. ಆಗ ಬೇಕಾಗುವ ಬಿಗಿ ಮಗ್ಗುಲಿನ ಎಳೆತ ಸುಮಾರು 233 ನ್ಯೂಟನ್: ವಿ-ಕಾಲುವೆಗಿಂತ ಹೆಚ್ಚು, ಪೂರಾ ಚಪ್ಪಟೆ ಜೋಡಿಗಿಂತ ಕಡಿಮೆ. ಚಿಕ್ಕ ಪುಲ್ಲಿಯ ಕಾಲುವೆಯನ್ನು ಮಾತ್ರ ಲೇತ್‌ನಲ್ಲಿ ನಿಖರವಾಗಿ ಕೊರೆಸಬೇಕು. ಬೆಲ್ಟು ಕಾಲುವೆಯ ತಳ ಮುಟ್ಟಿದರೆ ಬೆಣೆಯ ಹಿಡಿತ ಅಲ್ಲಿಗೆ ಮುಗಿಯಿತು.

ಗಾಲಿಗೂ ಫ್ರೇಮಿಗೂ ಜೋಡಣೆ

ದೊಡ್ಡ ಪುಲ್ಲಿ ಎಡಗಡೆ ಕೂರುತ್ತದೆ. ಬಲಗಡೆ ಪೆಡಲಿನ ಚೈನು ಹಾಗೇ ಇರುತ್ತದೆ. ವಿಝರಿನಂತೆ ಕಡ್ಡಿಗಳಿಗೆ ಬಿಗಿಯುವುದು ಅಗ್ಗದ ದಾರಿ. ಆದರೆ ಎಂಜಿನ್ನಿನ ಎಳೆತವೆಲ್ಲ ಕಡ್ಡಿಯ ನಡುಭಾಗಕ್ಕೆ ಬೀಳುವುದರಿಂದ 2 ಮಿ.ಮೀ. ದಪ್ಪದ ಕಡ್ಡಿಗಳು ಬಾಗುತ್ತವೆ, ತುಂಡಾಗುತ್ತವೆ. ಹಿಡಿಕೆಗಳನ್ನು ಎಲ್ಲ ಕಡ್ಡಿಗಳಿಗೂ ಹಂಚಿ, ನಡುವೆ ರಬ್ಬರು ಕೊಟ್ಟರೆ ಹೊರೆ ತಗ್ಗುತ್ತದೆ. ಇದಕ್ಕಿಂತ ಗಟ್ಟಿಯಾದ ದಾರಿ ಡಿಸ್ಕ್ ಬ್ರೇಕಿನ ಹಬ್ ಬಳಸುವುದು. ಅದರ ಎಡಗಡೆ 44 ಮಿ.ಮೀ. ವೃತ್ತದ ಮೇಲೆ 6 ಬೋಲ್ಟುಗಳಿಗೆ ಜಾಗವಿರುತ್ತದೆ, 5 ಮಿ.ಮೀ. ಅಲ್ಯೂಮಿನಿಯಂ ತಗಡಿನ ಅಡಾಪ್ಟರನ್ನು ಅಲ್ಲಿಗೆ ಬಿಗಿದು ರಿಮ್ಮನ್ನು ಅದಕ್ಕೆ ಕೂಡಿಸಿದರೆ ಬಲ ನೇರ ಹಬ್ಬಿಗೆ ಹೋಗುತ್ತದೆ. ಡಿಸ್ಕ್ ಬ್ರೇಕಿನ ಜಾಗ ಹೀಗೆ ಹೋದರೆ ಹಿಂದಕ್ಕೆ ರಿಮ್ ಬ್ರೇಕು, ಮುಂದಕ್ಕೆ ಒಳ್ಳೆಯ ಡಿಸ್ಕ್ ಬ್ರೇಕು ಕಡ್ಡಾಯ.

ಫ್ರೇಮಿನ ಕೊಳವೆಯೊಂದು ಬೆಲ್ಟಿನ ಕುಣಿಕೆಯೊಳಗೆ ಬರುವಂತಿದ್ದರೆ ಜೋಡಣೆಯಿಲ್ಲದ ಬೆಲ್ಟನ್ನು ಫ್ರೇಮ್ ಕೊಯ್ಯದೆ ಕೂರಿಸಲಾಗದು. ಕೊಯ್ದು ಬೆಸೆದ ಫ್ರೇಮು ಅಪಾಯಕರ. ಎಂಜಿನ್ನನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿ ಬೆಲ್ಟಿನ ದಾರಿ ಬದಲಿಸುವುದು, ಇಲ್ಲವೇ ತುಂಡುತುಂಡಾಗಿ ಬಿಚ್ಚಿ ಸೇರಿಸಬಹುದಾದ ಲಿಂಕ್ ಬೆಲ್ಟು ಹಾಕುವುದು ಇದಕ್ಕೆ ಪರಿಹಾರ. ಅಡ್ಡ ಷಾಫ್ಟಿಗೆ 15 ಮಿ.ಮೀ. ಉಕ್ಕಿನ ದಂಡ, ಎರಡು ತುದಿಗೆ 6202 ಬೇರಿಂಗ್, ಪುಲ್ಲಿಗಳಿಗೆ ಕೀಲಿಗಂಡಿ ಇದ್ದರೆ ಈ ಬಲಕ್ಕೆ ಧಾರಾಳವಾಯಿತು. ಎಂಜಿನ್ ನಿಲ್ಲಿಸಿ ಪೆಡಲ್ ತುಳಿಯುವಾಗ ಬೆಲ್ಟುಗಳನ್ನೂ ಎಳೆದುಕೊಂಡು ಹೋಗುವ ಶ್ರಮ ಬೇಡವಾದರೆ ಅಡ್ಡ ಷಾಫ್ಟಿನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗನ್ನೋ ಸೈಕಲ್ ಫ್ರೀವೀಲನ್ನೋ ಸೇರಿಸಬೇಕು.

ನೇರ, ಬಿಗಿತ, ರಕ್ಷಣೆ

ಎರಡು ಪುಲ್ಲಿಗಳ ಕಾಲುವೆಗಳು ಒಂದೇ ಗೆರೆಯಲ್ಲಿರಬೇಕು. ವಿ-ಬೆಲ್ಟು ಅರ್ಧ ಡಿಗ್ರಿಯ ತನಕ ಸಹಿಸುತ್ತದೆ, 500 ಮಿ.ಮೀ. ದೂರದಲ್ಲಿ ಅದು 4 ಮಿ.ಮೀ. ಓರೆ. ಹಲ್ಲಿನ ಬೆಲ್ಟಿನ ಮಿತಿ ಕಾಲು ಡಿಗ್ರಿ, 189 ಮಿ.ಮೀ. ದೂರದಲ್ಲಿ 1 ಮಿ.ಮೀ. ಕೂಡ ಆಗದು. ನೇರ ಅಂಚಿನ ಪಟ್ಟಿಯನ್ನು ಎರಡೂ ಪುಲ್ಲಿಗಳ ಮುಖಕ್ಕೆ ತಾಗಿಸಿ ನೋಡುವುದು ಸರಳ ಪರೀಕ್ಷೆ.

ಬಿಗಿತಕ್ಕೂ ಅಳತೆಯಿದೆ. ಎರಡು ಪುಲ್ಲಿಗಳ ನಡುವಿನ ಬೆಲ್ಟಿನ ನೇರ ಭಾಗವನ್ನು ಮಧ್ಯದಲ್ಲಿ ಒತ್ತಿದಾಗ, ತಯಾರಕರು ಹೇಳಿದ ಒತ್ತಡಕ್ಕೆ ಪ್ರತಿ 100 ಮಿ.ಮೀ. ಉದ್ದಕ್ಕೆ 1.6 ಮಿ.ಮೀ. ಬಾಗಬೇಕು. ಈ ಸೈಕಲ್ಲಿನ ವಿ-ಬೆಲ್ಟಿನ ನೇರ ಭಾಗ 466 ಮಿ.ಮೀ. ಇರುವುದರಿಂದ ಬಾಗು ಏಳೂವರೆ ಮಿ.ಮೀ. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳ ಓಟದಲ್ಲಿ ಹಿಗ್ಗಿ ಕೂರುವುದರಿಂದ ಒಮ್ಮೆ ಮರುಬಿಗಿತ ಬೇಕೇ ಬೇಕು. ಅದಕ್ಕೆ ಎಂಜಿನ್ ತಟ್ಟೆಯಲ್ಲಿ ಉದ್ದ ತೂತುಗಳನ್ನು ಬಿಡಬೇಕು. ಒತ್ತುಪುಲ್ಲಿ ಹಾಕುವುದಾದರೆ ಸಡಿಲ ಮಗ್ಗುಲಿನಲ್ಲೇ ಹಾಕಬೇಕು. ಹೊರಗಿನಿಂದ ಒತ್ತಿದರೆ ಬಳಸುವ ಕೋನ ಹೆಚ್ಚುತ್ತದೆ, ಆದರೆ ಬೆಲ್ಟು ತಿರುಗುಮುರುಗಾಗಿ ಬಾಗಿ ಬೇಗ ಬಿರಿಯುತ್ತದೆ. ಒಳಗಿನಿಂದ ಒತ್ತಿದರೆ ಬೆಲ್ಟಿಗೆ ಒಳ್ಳೆಯದು, ಕೋನ ಮಾತ್ರ ತಗ್ಗುತ್ತದೆ. ಚಿಕ್ಕ ಪುಲ್ಲಿಯ ಕೋನ ಮೊದಲೇ ಕಡಿಮೆಯಿದ್ದಲ್ಲಿ ಹೊರಗಿನದೇ ಸರಿ; ಆಗ ಒತ್ತುಪುಲ್ಲಿಯ ವ್ಯಾಸ ಚಿಕ್ಕ ಪುಲ್ಲಿಗಿಂತ ದೊಡ್ಡದಿರಬೇಕು.

ಮಲೆನಾಡಿನ ಮಳೆಯಲ್ಲಿ ಓಡುವ ಸೈಕಲ್ಲಿಗೆ ಬೆಲ್ಟಿನ ಮುಚ್ಚಳ ಅಲಂಕಾರವಲ್ಲ, ಅಗತ್ಯ. ನೀರು ವಿ-ಬೆಲ್ಟಿನ ಹಿಡಿತ ಬಿಡಿಸುತ್ತದೆ; ಹಲ್ಲಿನ ನಡುವೆ ಸಿಕ್ಕ ಸಣ್ಣ ಕಲ್ಲು ಬೆಲ್ಟಿನೊಳಗಿನ ಎಳೆಗಳನ್ನು ಕಡಿಯುತ್ತದೆ. ಪಂಚೆ, ಸೀರೆ, ದುಪಟ್ಟಾ, ಮಕ್ಕಳ ಬೆರಳು ಬೆಲ್ಟಿಗೆ ಸಿಗದಂತೆ ತಡೆಯುವುದೂ ಈ ಮುಚ್ಚಳವೇ. ಜಾರುವ ಬೆಲ್ಟಿಗೆ ರಾಳ, ಡ್ರೆಸ್ಸಿಂಗ್ ಸವರುವ ಅಭ್ಯಾಸ ಬಿಡಬೇಕು. ಅದು ದೂಳನ್ನು ಹಿಡಿದು ರಬ್ಬರನ್ನು ತಿನ್ನುತ್ತದೆ.

ಕಾನೂನಿನ ಗೆರೆ

1988ರ ಮೋಟಾರು ವಾಹನ ಕಾಯ್ದೆ, ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿಸಿ ಮೀರದ ಎಂಜಿನ್ ಇರುವ ವಾಹನವನ್ನು ‘ಮೋಟಾರು ವಾಹನ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಈ ಲೇಖನದ ಉದಾಹರಣೆ 25 ಸಿಸಿಯಲ್ಲೇ ನಿಂತದ್ದು ಅದಕ್ಕಾಗಿ. 49 ಸಿಸಿಯ ಕಿಟ್ ಕೂರಿಸಿದ ಸೈಕಲ್ಲು ಆ ಗೆರೆಯ ಆಚೆಗಿದೆ. ನೋಂದಣಿ, ವಿಮೆ, ಚಾಲನಾ ಪರವಾನಗಿ ಇಲ್ಲದೆ ಅದನ್ನು ರಸ್ತೆಗೆ ತರುವಂತಿಲ್ಲ. ವಿದ್ಯುತ್ ಮೋಟಾರಿಗೆ ಬೇರೆ ನಿಯಮ: 30 ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿರುವುದು, ಮತ್ತು ಇವನ್ನು ಅಧಿಕೃತ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿರುವುದು.

ಕಾನೂನು ಬಿಟ್ಟರೂ ಸೈಕಲ್ಲಿನ ಫ್ರೇಮು, ಫೋರ್ಕು, ಬ್ರೇಕು ಹೆಚ್ಚಿನ ವೇಗಕ್ಕೆಂದು ಮಾಡಿದವಲ್ಲ. 25 ಕಿ.ಮೀ.ಗೆ ಕಟ್ಟಿದ, 35ರ ಅನುಪಾತದ ಸೈಕಲ್ಲು ಏರು ಹತ್ತುತ್ತದೆ, ಕ್ಲಚ್ ಉಳಿಸುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಇಂಥದ್ದೊಂದನ್ನು ಕಟ್ಟಹೊರಟವರು ಈ ಕ್ರಮವನ್ನು ಬಿಡಬಾರದು: ಮೊದಲು ಅನುಪಾತ, ಆಮೇಲೆ ಬೆಲ್ಟು, ಆಮೇಲೆ ಷಾಫ್ಟಿನ ಜಾಗ, ಕೊನೆಗೆ ವೆಲ್ಡಿಂಗ್. ಎಲ್ಲ ಕೂಡಿಸಿದ ಮೇಲೆ ಹಿಂಗಾಲಿಯನ್ನು ಕೈಯಿಂದ ಒಂದು ಸುತ್ತು ಮುಂದಕ್ಕೆ ತಿರುಗಿಸಿ, ಕ್ಲಚ್ಚಿನ ಪುಲ್ಲಿ 35 ಸುತ್ತು ತಿರುಗಿತೇ ಎಂದು ಎಣಿಸಬೇಕು. ಫ್ರೀವೀಲ್ ಹಾಕಿದ್ದರೆ ಗಾಲಿಯ ಬದಲು ಕ್ಲಚ್ಚಿನ ಪುಲ್ಲಿಯನ್ನೇ ತಿರುಗಿಸಿ ಎಣಿಸಬೇಕು. ಲೆಕ್ಕ ತಾಳೆಯಾದ ಮೇಲಷ್ಟೇ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಕು.